ತೊಟ್ಟಿಲಲ್ಲಿ ಮೋಟರು

ಅಮೀನನಿಗೆ ಯಾರೂ ಮನೆ ಬಾಡಿಗೆಗೆ ಕೊಡುವುದಿಲ್ಲ. ಮುಳಬಾಗಿಲು ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಅಮೀನರಾಗಿದ್ದ ನಾರಾಯಣರಾಯರಿಗೆ ಈ ಲೋಕದ ಮೇಲಿದ್ದ ದೂರು ಇದೊಂದೇ. ಪೊಲೀಸಿನವರಿಗೆ ಕೊಡುತ್ತಾರೆ, ಬೆಳಗಿನ ಜಾವಕ್ಕೆ ಎದ್ದು ನಾಗಸ್ವರ ಅಭ್ಯಾಸ ಮಾಡುವವರಿಗೂ ಕೊಡುತ್ತಾರೆ. ಆದರೆ ಕೋರ್ಟಿನ ಕಾಗದ ಹಿಡಿದು ಹೋಗಿ ಕಂಡವರ ಮನೆಯ ಹಂಡೆ, ಕೊಳಗ, ಎಮ್ಮೆಗಳನ್ನು ಜಪ್ತಿ ಮಾಡಿಕೊಂಡು ಬರುವ ಮನುಷ್ಯ ಬಾಗಿಲಲ್ಲಿ ನಿಂತರೆ ಮಾತ್ರ ಮನೆಯ ಒಡೆಯನಿಗೆ ತಟ್ಟನೆ ಅಳಿಯ ನೆನಪಾಗುತ್ತಾನೆ. "ಮನೆ ಖಾಲಿ ಐತೆ ಸ್ವಾಮಿ, ಆದ್ರೆ ನಮ್ಮ ಅಳಿಯ ಬರ್ತಾವ್ನೆ." ಹೆಣ್ಣುಮಕ್ಕಳೇ ಇಲ್ಲದವರೂ ಹೀಗೆ ಹೇಳಿದ್ದುಂಟು.

ಹೀಗಾಗಿ ರಾಯರು ಸರ್ವಿಸಿನಲ್ಲಿ ಹನ್ನೊಂದು ಮನೆ ಬದಲಾಯಿಸಿದರು. ಹನ್ನೊಂದು ಸಲವೂ ಗಾಡಿಗೆ ಮೊದಲು ಏರುತ್ತಿದ್ದದ್ದು ಅವರ ಹೆಂಡತಿ ಅಂಬಾಬಾಯಿ ತವರಿನಿಂದ ತಂದಿದ್ದ ಮರದ ತೊಟ್ಟಿಲು. ಕೊನೆಯಲ್ಲಿ ಏರುತ್ತಿದ್ದದ್ದು ಅಂಬಾಬಾಯಿಯವರ ಸಿಟ್ಟು.

ರಾಯರು ಈಗಿಲ್ಲ. ಇದ್ದಿದ್ದರೆ ಈ ಕಥೆಯನ್ನು ಅವರೇ ಹೇಳುತ್ತಿದ್ದರು. ಇನ್ನೂ ಚೆನ್ನಾಗಿ, ಇನ್ನೂ ನಾಲ್ಕು ಸುಳ್ಳು ಸೇರಿಸಿ. ಇಲ್ಲಿ ಸುಳ್ಳು ಕಡಿಮೆ. ಅಷ್ಟರ ಮಟ್ಟಿಗೆ ಕಥೆ ಸಪ್ಪೆಯಾದರೆ ಓದುವವರು ಸಹಿಸಿಕೊಳ್ಳಬೇಕು.

ಅವರ ಜಪ್ತಿಯ ರೀತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರದಾದರೂ ಮನೆಗೆ ಹೋಗಬೇಕಾದರೆ ರಾಯರು ಎರಡು ಬೀದಿ ಆಚೆಯಿಂದಲೇ ಕೆಮ್ಮಲು ಶುರು ಮಾಡುತ್ತಿದ್ದರು. ನೆಗಡಿಯಿಲ್ಲ, ಗೂರಲಿಲ್ಲ, ಕೆಮ್ಮು ಮಾತ್ರ ಸೀಮೆಗೆಲ್ಲ ಪ್ರಸಿದ್ಧ. ಆ ಕೆಮ್ಮು ಕೇಳಿಸಿ, ರಾಯರು ಬಾಗಿಲಿಗೆ ಬರುವಷ್ಟರಲ್ಲಿ ಆ ಮನೆಯ ಬೆಲೆಬಾಳುವ ಸಾಮಾನು ಹುಲ್ಲಿನ ಬಣವೆಗೋ, ಅಟ್ಟಕ್ಕೋ, ಬಾಣಂತಿಯ ಮಂಚದ ಕೆಳಕ್ಕೋ ಸೇರಿಕೊಂಡಿರುತ್ತಿತ್ತು. ಹೊಸಿಲು ದಾಟಿದ ಮೇಲೆ ಕಾನೂನು ಕಾನೂನೇ. "ಕಂಡಿದ್ದು ಬರೀಬೇಕು, ಕಂಡ ಜಾಗ ಬರೀಬೇಕು. ಕಾಣದೇ ಇದ್ದದ್ದನ್ನ ಬರೆಯೋ ಹಾಗಿಲ್ಲ. ಒಂದು ಸಲ ಪಟ್ಟಿಗೆ ಸೇರಿದ ಸಾಮಾನನ್ನ ಸಹಿ ಹಾಕದೆ ಯಾವನೂ ಹೊತ್ಕೊಂಡು ಹೋಗೋ ಹಾಗಿಲ್ಲ." ಇದು ರಾಯರ ವೇದ. ಬಣವೆಯ ಹತ್ತಿರ ಹೋದರೆ ಕಾಣುತ್ತದೆಯೆಂದು ಅವರು ಬಣವೆಯ ಹತ್ತಿರ ಹೋಗುತ್ತಿರಲಿಲ್ಲ.

ತೊಂಬತ್ತಾರರಲ್ಲಿ ನಿವೃತ್ತಿಯಾಯಿತು. ಬಂದ ಹಣವನ್ನೆಲ್ಲ ಸುರಿದು ಶ್ರೀನಿವಾಸಪುರದ ಹೊರಗೆ, ಕೋಲಾರದ ರಸ್ತೆಯಲ್ಲಿ, ಹೊಸದಾಗಿ ಎದ್ದಿದ್ದ ರಸಪುರಿ ನಗರದಲ್ಲಿ ಹದಿನಾಲ್ಕನೇ ನಂಬರಿನ ಮನೆ ಕೊಂಡರು. ಬಡಾವಣೆ ಕಟ್ಟಿದ ಮುರಳಿಮೋಹನ್ ಮಾವಿನ ಮಂಡಿಯ ಮನುಷ್ಯ. ಅಪ್ಪನ ತೋಪನ್ನು ಕಡಿದು, ರಸ್ತೆ ಎಳೆದು, ಕಡಿದ ಮರಗಳ ಹೆಸರನ್ನೇ ರಸ್ತೆಗಳಿಗೆ ಇಟ್ಟಿದ್ದ. ಬಾದಾಮಿ ರಸ್ತೆ, ಮಲ್ಲಿಕಾ ರಸ್ತೆ, ನೀಲಂ ರಸ್ತೆ. ರಾಯರ ದುಡ್ಡಿಗೆ ತೋತಾಪುರಿ ರಸ್ತೆ ಸಿಕ್ಕಿತು. ಒಂದು ಪಾರ್ಕು, ಅದರಲ್ಲಿ ಐದು ಮಾವಿನ ಮರ, ಸಿಮೆಂಟಿನ ಬೆಂಚು, ಮಕ್ಕಳಿಗೆ ಕಬ್ಬಿಣದ ಜಾರುಬಂಡೆ. ನೀರಿಗೆ ಸಂಪು, ಸಂಪಿಗೆ ಮೋಟರು. ಹುಣ್ಣಿಮೆಗೊಮ್ಮೆ ಉರಿಯುವ ನಾಲ್ಕು ಬೀದಿದೀಪ. ನಲವತ್ತೆರಡು ಮನೆಯವರಿಗೆ ಇದಕ್ಕಿಂತ ಹೆಚ್ಚಿನ ವೈಕುಂಠ ಬೇಕಿರಲಿಲ್ಲ.

ಬೇಕಿದ್ದದ್ದು ಖಾತೆ. ಮನೆಗಳು ಯಾರ ಹೆಸರಿನಲ್ಲಿವೆ ಎಂದರೆ ಪುರಸಭೆಯ ಪುಸ್ತಕದಲ್ಲಿ ಎಲ್ಲವೂ ಮುರಳಿಮೋಹನನ ಹೆಸರಿನಲ್ಲೇ ಇದ್ದವು. ಅವನು ಜಾಗದ ತೆರಿಗೆ ಕಟ್ಟಿರಲಿಲ್ಲ. ಕಟ್ಟು ಅಂತ ಪುರಸಭೆ, ಕಟ್ಟಬೇಕಾಗಿಲ್ಲ ಅಂತ ಅವನು. ಅವನು ಕಟ್ಟುವವರೆಗೆ ಖಾತೆ ಬದಲಾಗುವುದಿಲ್ಲ. ನಿವಾಸಿಗಳು ತಾವೇ ತೆರಿಗೆ ಕಟ್ಟಲು ಹೋದರೆ, "ನಿಮ್ಮ ಹೆಸರೇ ಇಲ್ವಲ್ಲ, ಯಾರು ಅಂತ ಕಟ್ಟಿಸ್ಕೊಳ್ಳೋದು?" ಎಂದು ಕೌಂಟರಿನಿಂದ ವಾಪಸು ಕಳಿಸುತ್ತಿದ್ದರು. ತೆರಿಗೆ ಕಟ್ಟುತ್ತೇವೆಂದು ಜನ ಗೋಗರೆಯುವುದು, ಸರಕಾರ ಬೇಡವೆನ್ನುವುದು, ಈ ಅಪೂರ್ವ ದೃಶ್ಯ ಆರು ವರ್ಷ ನಡೆಯಿತು.

ಎಲ್ಲರಿಗಿಂತ ಹೆಚ್ಚಿನ ಸಂಕಟ ಅಂಬಾಬಾಯಿಯವರದು. ಹನ್ನೆರಡನೇ ಮನೆಯ ಖಾತೆ ಅವರ ಹೆಸರಿಗೇ ಎಂದು ರಾಯರು ಮಾತು ಕೊಟ್ಟಿದ್ದರು.

"ಏನಂದ್ರೆ, ನನ್ನ ಹೆಸರಿನ ಕಾಗದ ಯಾವಾಗ ಬರತ್ತೆ?"

"ಬರತ್ತೆ ಕಣೇ ಅಂಬಾ. ಕೋರ್ಟು ಕಚೇರಿ ಅಂದ್ಮೇಲೆ ಸ್ವಲ್ಪ ನಿಧಾನ."

"ಕಂಡವರ ಮನೆಗೆ ಕಾಗದ ತಗೊಂಡು ಹೋಗೋವಾಗ ನಿಮಗೆ ನಿಧಾನ ಇರ್ಲಿಲ್ಲ. ನಮ್ಮನೇಗೆ ಒಂದು ಕಾಗದ ತರೋಕೆ ಮಾತ್ರ ಆಗ್ಲಿಲ್ಲ."

ಎರಡು ಸಾವಿರದ ಮೂರರ ಮೇ ತಿಂಗಳು. ಒಂದು ಬೆಳಿಗ್ಗೆ ಬಡಾವಣೆಯ ಕಮಾನಿಗೆ ನೋಟಿಸು ಅಂಟಿಸಿತ್ತು. ಎರಡು ಹಾಳೆ. ರಾಯರು ಅದನ್ನು ಹದವಾಗಿ ಕಿತ್ತು ತಂದರು (ಮೂವತ್ತೊಂದು ವರ್ಷ ಅಂಟಿಸಿದ ಕೈ, ಕೀಳುವುದು ಗೊತ್ತಿತ್ತು). ಮೊದಲ ಹಾಳೆ ಓದಿ ಕುರ್ಚಿಯಲ್ಲಿ ಕುಸಿದರು. ಮುರಳಿಮೋಹನರ ತೆರಿಗೆ ಬಾಕಿಯ ಸಂಬಂಧವಾಗಿ ಹನ್ನೆರಡನೇ ತಾರೀಕು ಸೋಮವಾರ ಅಧಿಕಾರಿಯವರು ಬಂದು, ಬಡಾವಣೆಯಲ್ಲಿರುವ ದೀಪ, ಪಂಪು, ಬೆಂಚು ಮುಂತಾದವುಗಳ ಪಟ್ಟಿ ಮಾಡುವರು ಎಂದಿತ್ತು.

"ಜಪ್ತಿ!" ಎಂದರು ರಾಯರು.

"ಜಪ್ತಿ ಅಂತ ಬರ್ದಿದ್ಯಾ?"

"ಬರೀಬೇಕಾ? ಬಾಕಿ ಇದೆ, ತಾರೀಕಿದೆ, ಪಟ್ಟಿ ಇದೆ. ಇನ್ನೇನು ಸತ್ಯನಾರಾಯಣ ಪೂಜೆಗೆ ಬರ್ತಾರಾ?"

"ಎರಡನೇ ಹಾಳೇಲಿ ಏನಿದೆ ನೋಡಿ."

"ಎರಡನೇ ಹಾಳೇಲಿ ಸಹಿ, ಮೊಹರು, ಅಷ್ಟೆ. ಸರ್ವಿಸಲ್ಲಿ ಒಂದು ದಿನಾನೂ ಎರಡನೇ ಹಾಳೆ ಓದಿದವನಲ್ಲ ನಾನು."

ಅಂಬಾಬಾಯಿ ಎರಡನೇ ಹಾಳೆಯನ್ನು ತೆಗೆದುಕೊಂಡು ಹೋಗಿ, ಮಹಡಿಯ ಮೇಲೆ ಉಪ್ಪು ಅರಿಶಿನ ಹಚ್ಚಿದ ಮಾವಿನ ಹೋಳನ್ನು ಅದರ ಮೇಲೆ ಹರವಿದರು. ಉಪ್ಪಿನಕಾಯಿಯ ಕಾಲ, ಯಾವ ಕಾಗದವೂ ವ್ಯರ್ಥವಲ್ಲ.

ಸಂಜೆ ಪಾರ್ಕಿನ ಮರದಡಿ ಸಭೆ ಸೇರಿತು. ಮೋಟರು ಹೋದರೆ ನೀರಿಗೇನು ಗತಿ, ದೀಪ ಹೋದರೆ ಹಾವು ತುಳಿಯುವುದಿಲ್ಲವೇ, ನಾಳೆ ಮನೆಯ ಬಾಗಿಲನ್ನೂ ಕಿತ್ತುಕೊಂಡು ಹೋದರೆ ಏನು ಮಾಡುವುದು ಎಂದು ಒಬ್ಬೊಬ್ಬರು ಒಂದೊಂದು ಅಂದರು. ರಾಯರ ಎದುರು ಮನೆಯ ಕೋದಂಡರಾಮಪ್ಪ ವಕ್ಕಲೇರಿ ಕಡೆಯವರು. ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳು ಸಾಕಿ, ಬೆನ್ನು ನೋವು ಬಂದ ಮೇಲೆ ತೋಟ ಮಗನಿಗೆ ಬಿಟ್ಟು ಇಲ್ಲಿಗೆ ಬಂದವರು. ರಾಯರಿಗೂ ಅವರಿಗೂ ದಿನಕ್ಕೆ ಎರಡು ಹೊತ್ತು ಜಗಳ, ಮೂರು ಹೊತ್ತು ಕಾಫಿ.

"ರಾಯರೇ, ನಿಮಗೆ ಇದು ಕುಲಕಸುಬು. ಏನ್ ಮಾಡೋಣ ಹೇಳಿ."

ರಾಯರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಕುರುಕ್ಷೇತ್ರದ ಮೊದಲ ದಿನ ಭೀಷ್ಮಾಚಾರ್ಯರು ಸೇನೆಯನ್ನು ನೋಡಿದ ಹಾಗೆ ಎಲ್ಲರನ್ನೂ ನೋಡಿ, "ಬಚ್ಚಿಡೋದು" ಎಂದರು. "ಕಾಣದೇ ಇದ್ದದ್ದನ್ನ ಬರೆಯೋ ಹಾಗಿಲ್ಲ. ಎಲ್ಲೆಲ್ಲಿ ಬಚ್ಚಿಟ್ರೆ ಅಧಿಕಾರಿ ಕೈ ಹಾಕಲ್ಲ ಅಂತ ನನ್ನಷ್ಟು ತಿಳ್ಕೊಂಡವರು ಈ ಜಿಲ್ಲೇಲೇ ಇಲ್ಲ."

ಚಪ್ಪಾಳೆ ಬಿತ್ತು. ಯಾರ್ಯಾರ ಮನೆಯಲ್ಲಿ ಏನೇನು ಎಂಬ ಮಾತು ಬಂದಾಗ ಮಾತ್ರ ಚಪ್ಪಾಳೆಯ ಕೈಗಳೆಲ್ಲ ಬೆನ್ನ ಹಿಂದೆ ಹೋದವು.

"ಮಾ ಇಂಟ್ಲೋ ಜಾಗಾನೇ ಲೇದು ರಾಯರೇ," ಎಂದರು ಬಾದಾಮಿ ರಸ್ತೆಯ ವೆಂಕಟರತ್ನಮ್ಮ. ಅವರದು ಬಡಾವಣೆಗೆಲ್ಲ ದೊಡ್ಡ ಮನೆ. ಅವರ ಹಿಂದೆಯೇ ಎಲ್ಲರ ಮನೆಯೂ ಗುಬ್ಬಿಗೂಡಿನಷ್ಟು ಚಿಕ್ಕದಾಯಿತು. ಕೊನೆಗೆ ಕೋದಂಡರಾಮಪ್ಪನವರೇ ತೀರ್ಪು ಕೊಟ್ಟರು: "ಬಚ್ಚಿಡೋ ವಿದ್ಯೆ ಗೊತ್ತಿರೋರ ಮನೇಲೇ ಎಲ್ಲಾ ಇರ್ಲಿ ಬಿಡಿ. ಹೊತ್ಕೊಂಡು ಬರೋಕೆ ನಾವಿದ್ದೀವಲ್ಲ!"

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಹದಿನಾಲ್ಕನೇ ನಂಬರಿನ ಮನೆ ತುಂಬಿತು. ಜಾರುಬಂಡೆ ಮಹಡಿ ಏರಿತು. ಅದರ ಮೇಲೆ ಸೀರೆ ಹಾಸಿ ಸಂಡಿಗೆ ಇಟ್ಟರು (ಇಳಿಜಾರಿನಲ್ಲಿಟ್ಟ ಸಂಡಿಗೆಯೆಲ್ಲ ಕೆಳಗೆ ಬಂದು ಒಂದೇ ಸಂಡಿಗೆಯಾಯಿತು). ಟ್ಯೂಬ್‌ಲೈಟುಗಳು ಚಾಪೆಯೊಳಗೆ ಸುತ್ತಿಕೊಂಡು ಮೂಲೆಯಲ್ಲಿ ನಿಂತವು. ರಸ್ತೆಯ ನಾಮಫಲಕಗಳು ಉಪ್ಪಿನಕಾಯಿ ಜಾಡಿಗಳ ಕೆಳಗೆ ಹೋದವು. ಬೆಂಚನ್ನು ಆರು ಜನ ಬೈದುಕೊಂಡು ಹೊತ್ತು ತಂದು ನಡುಮನೆಯಲ್ಲಿಳಿಸಿದರು. ಮೇಲೆ ಜಮಖಾನ ಹಾಸಿದ್ದೇ ದಿವಾನಖಾನೆಯ ಕಳೆ ಬಂದಿತು.

ಉಳಿದದ್ದು ಎರಡು ಅಶ್ವಶಕ್ತಿಯ ಮೋಟರು. ಕಲ್ಲಿನ ಹಾಗಿದೆ, ಎಣ್ಣೆ ಜಿಡ್ಡು ಬೇರೆ. ರಾಯರು ಮನೆಯೆಲ್ಲ ಕಣ್ಣಾಡಿಸಿದರು. ಕಣ್ಣು ತೊಟ್ಟಿಲ ಮೇಲೆ ನಿಂತಿತು.

"ಬೇಡ," ಎಂದರು ಅಂಬಾಬಾಯಿ.

"ಅಂಬಾ, ಮಲಗಿರೋ ಮಗೂನ ಎತ್ತಿ ನೋಡೋ ಅಧಿಕಾರಿ ಇನ್ನೂ ಹುಟ್ಟಿಲ್ಲ."

"ಮೃದುಲಾ ಮಲಗಿದ್ದ ತೊಟ್ಟಿಲು ಅದು! ಅವಳ ಮಕ್ಕಳು ಮಲಗಿದ್ದ ತೊಟ್ಟಿಲು!"

"ಮಗಳು ಮಾಲೂರಲ್ಲಿ ಗಂಡನ ಮನೇಲಿ ಸುಖವಾಗಿದ್ದಾಳೆ. ಈ ಮೋಟರು ಹೋದ್ರೆ ನೀನು ಎಲ್ಲಿಂದ ನೀರು ತರ್ತೀಯಾ?"

"ಈಗ ಮಾತ್ರ ಎಲ್ಲಿಂದ ಬರ್ತಿದೆ? ಬೆಳಿಗ್ಗೆಯಿಂದ ಮೋಟರು ನಡುಮನೇಲಿ, ನೀರು ಸಂಪಲ್ಲಿ. ಅನ್ನಕ್ಕಿಡೋಕೆ ಒಂದು ತಂಬಿಗೆ ನೀರಿಗೂ ಗತಿಯಿಲ್ಲ. ಜಪ್ತಿ ಮಾಡೋರೂ ಇಷ್ಟು ಹಾಳು ಮಾಡ್ತಿರ್ಲಿಲ್ಲ."

ಆದರೂ ಹಳೇ ಸೀರೆಯಲ್ಲಿ ಮೋಟರನ್ನು ಸುತ್ತಿದವರು ಅವರೇ. ಗಾಳಿ ಹೋಗುವ ತುದಿಗೆ ಕುಲಾವಿ ಹಾಕಿದವರೂ ಅವರೇ. ತೊಟ್ಟಿಲು ಕಿರ್ರೆಂದು ನರಳಿ, ಅರ್ಧ ಅಡಿ ಕೆಳಗಿಳಿದು ನಿಂತಿತು.

ಅಧಿಕಾರಿ ಹನ್ನೊಂದಕ್ಕೆ ಬಸ್ಸಿಳಿದು ನಡೆದುಕೊಂಡು ಬಂದರು. ಮೂವತ್ತರ ಮೇಲಿನ ಹೆಣ್ಣುಮಗಳು, ಸುನಂದ ಎಂದು ಹೆಸರು. ಕೈಯಲ್ಲಿ ಒಂದು ಫೈಲು, ಒಂದು ಕೊಡೆ. ಜೊತೆಗೆ ಲಾರಿಯಾಗಲಿ, ಹೊರುವ ಆಳುಗಳಾಗಲಿ ಇರಲಿಲ್ಲ. ರಾಯರಿಗೆ ಇದು ವಿಚಿತ್ರವೆನಿಸಬೇಕಿತ್ತು. ಅನಿಸಲಿಲ್ಲ.

"ಬೀದಿದೀಪ ಎಲ್ಲಿ ಸಾರ್?"

"ಬೀದಿದೀಪಾನಾ? ಇಲ್ಲ ಮೇಡಂ."

"ಕಂಬ ಇದೆಯಲ್ಲ?"

"ಕಂಬ ಇದೆ. ಕಾಗೆ ಕೂತ್ಕೊಳ್ಳತ್ತೆ."

ಸುನಂದ 'ಇಲ್ಲ' ಎಂದು ಬರೆದುಕೊಂಡರು. ಪಾರ್ಕಿಗೆ ಬಂದರು. ಬೆಂಚು? ಇಲ್ಲ. ಮಕ್ಕಳ ಆಟದ ಸಾಮಾನು? ಇಲ್ಲ. ರಸ್ತೆಗೆ ಹೆಸರು? ಇಲ್ಲ ಮೇಡಂ, ನಾವೆಲ್ಲ ಅಂದಾಜಿನ ಮೇಲೆ ಮನೆ ಸೇರ್ಕೋತೀವಿ. ಒಂದೊಂದು 'ಇಲ್ಲ'ಕ್ಕೂ ರಾಯರ ಎದೆ ಉಬ್ಬುತ್ತಿತ್ತು, ಆ ಹೆಣ್ಣುಮಗಳ ಮುಖ ಬಾಡುತ್ತಿತ್ತು. ಹಿಂದೆ ಬರುತ್ತಿದ್ದ ಕೋದಂಡರಾಮಪ್ಪ ಅದನ್ನು ನೋಡಿ, "ಏನೋ ಎಡವಟ್ಟಾಗಿದೆ ಸ್ವಾಮಿ, ಆಯಮ್ಮ ಅಳೋ ಹಾಗವ್ಳೆ," ಎಂದು ಕಿವಿಯಲ್ಲಿ ಹೇಳಿದರು. "ಸೋತ ಅಧಿಕಾರಿ ಮುಖ ಹಾಗೇ ಇರತ್ತೆ," ಎಂದರು ರಾಯರು.

"ನೀರಿಗೆ ಪಂಪೂ ಇಲ್ವಾ ಸಾರ್? ಇಷ್ಟು ಮನೆಗೆ?"

"ಪಂಪು ಅಂದ್ರೆ ಏನು ಅಂತಾನೇ ಗೊತ್ತಿಲ್ಲ ಮೇಡಂ ನಮಗೆ."

ಸುನಂದ ಪೆನ್ನು ಮುಚ್ಚಿ ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದರು. "ಕುಡಿಯೋಕೆ ಒಂದು ಲೋಟ ನೀರಾದ್ರೂ ಇದೆಯಾ?"

ಬಿಸಿಲಲ್ಲಿ ಬಂದವರು ನೀರು ಕೇಳಿದರೆ ಶತ್ರುವಾದರೂ ಒಳಗೆ ಕರೆಯಲೇಬೇಕು. ರಾಯರು ಕರೆದರು. ಸುನಂದ ಜಮಖಾನದ ಮೇಲೆ ಕೂತರು, ಗಟ್ಟಿಯಾಯಿತೆಂದು ಸ್ವಲ್ಪ ಅಲುಗಿದರು. ಅಂಬಾಬಾಯಿ ಎದುರು ಮನೆಯಿಂದ ತಂದಿಟ್ಟುಕೊಂಡಿದ್ದ ನೀರಿನಲ್ಲಿ ಪಾನಕ ಮಾಡಿ ಕೊಟ್ಟು, ಓಡಿ ಹೋಗಿ ತೊಟ್ಟಿಲು ತೂಗತೊಡಗಿದರು. ಎರಡು ಕೈಯಲ್ಲಿ ತೂಗಿದರೂ ಅದು ಅಲುಗದು.

"ಮಗೂನಾ ಅಮ್ಮಾ? ಗಂಡೋ ಹೆಣ್ಣೋ?"

"ಗಂಡು," ಎಂದರು ರಾಯರು.

"ಹೆಣ್ಣು," ಎಂದರು ಅಂಬಾಬಾಯಿ.

"ಅವಳಿ," ಎಂದರು ಬಾಗಿಲಲ್ಲಿ ನಿಂತಿದ್ದ ಕೋದಂಡರಾಮಪ್ಪ. "ಅದಕ್ಕೇ ಭಾರ."

"ಬರಿಗೈಲಿ ಮಗು ನೋಡಬಾರದಂತೆ," ಎನ್ನುತ್ತಾ ಸುನಂದ ಎದ್ದು ಬಂದರು. ಚೀಲದಿಂದ ಒಂದು ರೂಪಾಯಿ ನಾಣ್ಯ ತೆಗೆದು, ಮಗು ಎಚ್ಚರವಾಗದಂತೆ, ಮೆಲ್ಲಗೆ ಸೀರೆಯೊಳಗೆ ಬಿಟ್ಟರು.

ಟಣ್ಣೆಂದಿತು.

ಸುನಂದ ಸೀರೆಯ ಮೇಲೆ ಬೆರಳಿಟ್ಟು ನೋಡಿದರು. ಬೆರಳಿಗಂಟಿದ ಜಿಡ್ಡನ್ನು ನೋಡಿದರು. ಆಮೇಲೆ ರಾಯರ ಮುಖವನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ.

"ಸಾರ್, ನೀವು ಮುಳಬಾಗಿಲಲ್ಲಿ ಅಮೀನರಾಗಿದ್ರಾ? ಕೆಮ್ಮುತ್ತಾ ಬರ್ತಿದ್ರಿ?"

ರಾಯರಿಗೆ ನಿಜವಾಗಿ ಕೆಮ್ಮು ಬಂತು.

"ನಮ್ಮದು ನಂಗಲಿ ಸಾರ್. ನಮ್ಮಮ್ಮ ಲಾರಿಯವರ ಬಟ್ಟೆ ಹೊಲೀತಿದ್ರು. ನಮ್ಮಪ್ಪನ ಸಾಲಕ್ಕೆ ನೀವು ಜಪ್ತಿಗೆ ಬಂದ್ರಿ. ಕೆಮ್ಮು ಕೇಳಿ ಅಮ್ಮ ಹೊಲಿಗೆ ಮಿಷನ್ನಿನ ತಲೇನ ಬಿಚ್ಚಿ ತೊಟ್ಟಿಲಲ್ಲಿ ಮಲಗಿಸಿದ್ರು. ನಾನೇ ತೂಗ್ತಿದ್ದೆ, ಒಂಬತ್ತು ವರ್ಷ ನನಗೆ. ನೀವು ಬಂದು ತೊಟ್ಟಿಲು ನೋಡಿದ್ರಿ. ಒಂದು ರೂಪಾಯಿ ಒಳಗೆ ಹಾಕಿದ್ರಿ. ಟಣ್ ಅಂತು." ಅವರು ಬೆರಳಿನ ಜಿಡ್ಡನ್ನು ಕರ್ಚೀಫಿಗೆ ಒರೆಸಿದರು. "'ಮಗು ಮಲಗಿದೆ, ಬನ್ರಯ್ಯಾ' ಅಂತ ಸಾಕ್ಷಿಗೆ ಬಂದಿದ್ದ ಪಂಚರನ್ನ ಕರ್ಕೊಂಡು ಹೊರಟುಹೋದ್ರಿ. ಆ ಮಿಷನ್ನಿಂದಲೇ ನಾನು ಓದಿದ್ದು."

ಅಂಬಾಬಾಯಿ ಗಂಡನ ಕಡೆ ತಿರುಗಿದರು. ಮೂವತ್ತೊಂದು ವರ್ಷದಲ್ಲಿ ರಾಯರು ಮನೆಗೆ ತಂದು ಹೇಳದೇ ಇದ್ದ ಸಂಗತಿಗಳಲ್ಲಿ ಇದೂ ಒಂದು. ರಾಯರು ಮಾತ್ರ ಕಿಟಕಿಯಾಚೆ ಯಾವುದೋ ಹಕ್ಕಿಯನ್ನು ಹುಡುಕುತ್ತಿದ್ದರು.

"ಅದೇನೋ ಸರಿ," ಎಂದರು ಸುನಂದ, ಕಣ್ಣೊರೆಸಿಕೊಂಡು. "ಆದ್ರೆ ನನ್ನಿಂದ ಯಾಕೆ ಬಚ್ಚಿಟ್ರಿ? ನೋಟಿಸು ಓದ್ಲಿಲ್ವಾ? ಎರಡನೇ ಹಾಳೆ?"

ಅಂಬಾಬಾಯಿ ಮಹಡಿಗೆ ಹೋದರು. ಮಾವಿನ ಹೋಳು ಕೊಡವಿ, ಅರಿಶಿನ ಮೆತ್ತಿದ ಹಾಳೆಯನ್ನು ತಂದು, ಗಂಡನ ಮುಂದೆ ಹಿಡಿದು, "ಓದಿ. ಜೋರಾಗಿ," ಎಂದರು.

ರಾಯರು ಓದಿದರು. ಸದರಿ ಸ್ಥಳ ಬಡಾವಣೆಯೇ ಅಲ್ಲ, ಮಾವಿನ ತೋಪು. ಅಲ್ಲಿರುವ ಮನೆಗಳು ತೋಪಿನ ಕಾವಲುಗಾರರವು. ಆದ್ದರಿಂದ ತೆರಿಗೆ ಬರುವುದಿಲ್ಲ ಎಂದು ಮುರಳಿಮೋಹನ್ ತಕರಾರು ಹಾಕಿದ್ದಾರೆ. ದೀಪ, ಪಂಪು, ಪಾರ್ಕು ಇರುವುದು ಕಂಡುಬಂದರೆ ಬಡಾವಣೆಯೆಂದು ತೀರ್ಮಾನಿಸಿ, ತೆರಿಗೆ ವಸೂಲು ಮಾಡಿ, ನಿವಾಸಿಗಳ ಹೆಸರಿಗೆ ಖಾತೆ ಮಾಡಿಕೊಡಲಾಗುವುದು. ಆದಕಾರಣ ನಿವಾಸಿಗಳು ಎಲ್ಲ ಸೌಕರ್ಯಗಳನ್ನೂ ತಪ್ಪದೆ ತೋರಿಸತಕ್ಕದ್ದು.

"ಕಾವಲುಗಾರರಾ!" ಎಂದು ಕೋದಂಡರಾಮಪ್ಪ ಕೂಗಿದರು. "ಅಯ್ಯೋ ದೇವುಡಾ! ಅವನು ತೋಪು ಅಂದ, ನಾವು ಬೆಳಿಗ್ಗೆಯಿಂದ ಬೆವರು ಸುರಿಸಿ ತೋಪು ಮಾಡಿ ಕೊಟ್ವಿ!"

"ಮೇಡಂ, ಅರ್ಧ ಗಂಟೆ," ಎಂದು ರಾಯರು ಪಂಚೆ ಎತ್ತಿ ಕಟ್ಟಿದರು. "ಎಲ್ಲಾ ಇದ್ದ ಜಾಗಕ್ಕೆ ಹೋಗತ್ತೆ. ಹೊಡೆದು ಹಾಕಿ ಆ 'ಇಲ್ಲ'ಗಳನ್ನ."

"ಹೊಡೆದು ಹಾಕ್ತೀನಿ ಸಾರ್. ಆದ್ರೆ ಸಾಮಾನು ಅಲುಗಿಸಬೇಡಿ," ಎಂದು ಸುನಂದ ಪೆನ್ನು ತೆಗೆದರು. "ಪಂಚರಿಗೆ ನೀವು ಹೇಳ್ತಿದ್ದದ್ದು ನನಗಿನ್ನೂ ಬಾಯಿಪಾಠ. ಕಂಡಿದ್ದು ಬರೀಬೇಕು, ಕಂಡ ಜಾಗ ಬರೀಬೇಕು."

ಹಾಗೆಯೇ ಬರೆದರು. ಪಂಪು, ಹದಿನಾಲ್ಕನೇ ನಂಬರಿನ ನಡುಮನೆಯಲ್ಲಿ. ಬೆಂಚು, ಬೀದಿದೀಪ, ಅಲ್ಲಿಯೇ. ಜಾರುಬಂಡೆ, ಅದರ ಮಹಡಿಯಲ್ಲಿ, ಸಂಡಿಗೆ ಸಮೇತ. ರಾಯರು ಪಂಚರಾಗಿ ಸಹಿ ಹಾಕಿದರು. ಪಟ್ಟಿಯನ್ನು ಅವರೇ ಎರಡು ಸಲ ಓದಿ, "ಬಹಳ ಚೆನ್ನಾಗಿ ಬರೆದಿದ್ದೀಯಮ್ಮಾ," ಎಂದು ಮೆಚ್ಚಿದರು ಕೂಡ.

ತೋಪಿನ ತಕರಾರು ಆ ಪಟ್ಟಿಯಿಂದ ಬಿದ್ದುಹೋಯಿತು. ಮುರಳಿಮೋಹನ್ ತೆರಿಗೆ ಕಟ್ಟಿದ. ದೀಪಾವಳಿಗೆ ಮುಂಚೆ ನಲವತ್ತೊಂದು ಮನೆಗೆ ಅವರವರ ಹೆಸರಿನ ಖಾತೆ ಬಂದಿತು. ವೆಂಕಟರತ್ನಮ್ಮ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು.

ಹದಿನಾಲ್ಕನೇ ನಂಬರಿಗೂ ಕಾಗದ ಬಂದಿತು. ಪಟ್ಟಿ ನೋಡಿದ ಮೇಲಿನವರು ಸರಿಯಾಗಿಯೇ ತೀರ್ಮಾನಿಸಿದ್ದರು. ಪಂಪು ಇದೆ, ಬೀದಿದೀಪ ಇದೆ, ಬೆಂಚು ಇದೆ, ಜಾರುಬಂಡೆ ಇದೆ. ಇದು ಮನೆ ಹೇಗಾದೀತು? 'ಪಂಪ್‌ಹೌಸ್ ಮತ್ತು ಮಕ್ಕಳ ಉದ್ಯಾನ, ಸಾರ್ವಜನಿಕ ಆಸ್ತಿ. ಉಸ್ತುವಾರಿ: ಶ್ರೀಮತಿ ಅಂಬಾಬಾಯಿ.'

"ನಿನ್ನ ಹೆಸರಿದೆಯಲ್ಲೇ," ಎಂದರು ರಾಯರು ಮೆಲ್ಲಗೆ.

ಅಂಬಾಬಾಯಿ ಆ ದಿನ ಆಡಿದ ಮಾತುಗಳನ್ನು ಕೋದಂಡರಾಮಪ್ಪ ಎದುರು ಮನೆಯಿಂದ ಪೂರ್ತಿ ಕೇಳಿಸಿಕೊಂಡರು. ಅಚ್ಚು ಹಾಕುವಂಥವಲ್ಲ.

ತಿದ್ದುಪಡಿಗೆ ಐದು ವರ್ಷ ಹಿಡಿಯಿತು. ಅಷ್ಟು ವರ್ಷವೂ ರಾಯರು ತಿಂಗಳಿಗೊಮ್ಮೆ ಕೊಡೆ ಹಿಡಿದು ಪುರಸಭೆಗೆ ಹೋಗಿ, ತಮ್ಮ ಮನೆ ಮನೆಯೇ ಎಂದು ಸಾಧಿಸಿ ಬರುತ್ತಿದ್ದರು. ಹಾದಿಯಲ್ಲಿ ಬಡಾವಣೆಯ ಇತರರ ಕೆಲಸವನ್ನೂ ಮಾಡಿಕೊಂಡು ಬರುತ್ತಿದ್ದರು. ಒಬ್ಬರ ನಲ್ಲಿ, ಒಬ್ಬರ ರೇಷನ್ ಕಾರ್ಡು, ಒಬ್ಬರ ಮರಣಪತ್ರ. ಸಾಮಾನೆಲ್ಲ ಅವುಗಳ ಜಾಗಕ್ಕೆ ಹೋಗಿದ್ದವು, ಬೆಂಚೊಂದನ್ನು ಬಿಟ್ಟು. ಅದನ್ನು ಆರು ಜನ ಸೇರಿ ಜಗಲಿಯವರೆಗೆ ತಂದರು. ಅಲ್ಲಿ ಕೋದಂಡರಾಮಪ್ಪನವರ ಬೆನ್ನು ಹಿಡಿದುಕೊಂಡಿತು. ಇಳಿಸಿದರು. ಮತ್ತೆ ಎತ್ತಲಿಲ್ಲ. ಸಂಜೆ ಇಬ್ಬರೂ ಅದರ ಮೇಲೆ ಕೂತು, ಒಂದೇ ಪೇಪರನ್ನು ಎರಡು ಭಾಗ ಮಾಡಿ ಓದಿ, ಒಬ್ಬರ ಭಾಗದ ಸುದ್ದಿಯನ್ನು ಇನ್ನೊಬ್ಬರು ನಂಬದೆ ಜಗಳವಾಡುತ್ತಿದ್ದರು.

ಎಂಟನೇ ಇಸವಿಯ ಶ್ರಾವಣದಲ್ಲಿ ಸುನಂದ ಮತ್ತೆ ಬಂದರು. ಈ ಸಲ ಮನೆಯಲ್ಲಿ ಸಾರ್ವಜನಿಕ ವಸ್ತು ಯಾವುದೂ ಇಲ್ಲವೆಂದು ಬರೆದುಕೊಂಡು ಹೋಗಬೇಕಿತ್ತು. ಹೋದ ಮೇಲೆ ಖಾತೆ. ನಡುಮನೆ ನೋಡಿದರು, ಮಹಡಿ ನೋಡಿದರು, ತೊಟ್ಟಿಲಿಗೆ ಇಣುಕಿದರು (ಮೃದುಲಾಳ ಮೂರನೆಯದು, ನಿಜವಾದದ್ದು, ಮಲಗಿತ್ತು). ಜಗಲಿಗೆ ಬಂದರು.

"ಇನ್ನೇನೂ ಇಲ್ವಲ್ಲ ಅಮ್ಮಾ, ಬಡಾವಣೆಗೆ ಸೇರಿದ್ದು?"

"ಇದೆ," ಎಂದರು ಅಂಬಾಬಾಯಿ, ಬೆಂಚಿನ ಮೇಲೆ ಯಾರದೋ ಅರ್ಜಿ ಬರೆಯುತ್ತ ಕೂತಿದ್ದ ಗಂಡನನ್ನು ತೋರಿಸಿ. "ಬೆಂಚೂ ಬಡಾವಣೇದೇ, ಮೇಲೆ ಕೂತಿರೋದೂ ಬಡಾವಣೇದೇ. ಮನೇದು ಅಂತ ನಾನು ಅಂದ್ಕೊಂಡಿದ್ದೆ, ಐದು ವರ್ಷದಿಂದ ನೋಡ್ತಿದೀನಿ, ಅಲ್ಲ. ಎರಡನ್ನೂ ಬರ್ಕೊಳಮ್ಮಾ."

ಸುನಂದ ನಕ್ಕರು. ರಾಯರೂ ನಕ್ಕರು, ಕೆಮ್ಮು ಬರುವವರೆಗೆ. ಬೆಂಚನ್ನಾಗಲಿ, ರಾಯರನ್ನಾಗಲಿ ಸುನಂದ ಬರೆದುಕೊಳ್ಳಲಿಲ್ಲ. ತಮ್ಮ ಗುರು ಕಲಿಸಿದ ಹಾಗೆ, ಕಾಣಲಿಲ್ಲವೆಂದು ಬಿಟ್ಟು ಹೋದರು. ತಿಂಗಳೊಪ್ಪತ್ತಿನಲ್ಲಿ ಅಂಬಾಬಾಯಿಯವರ ಹೆಸರಿಗೆ ಖಾತೆ ಬಂದಿತು. ರಾಯರು ಅದನ್ನು ನಿಂತುಕೊಂಡೇ ಓದಿದರು, ಎರಡನೇ ಹಾಳೆಯನ್ನೂ ಬಿಡದೆ.

ಈ ಮಾಘದಲ್ಲಿ ರಾಯರು ಹೋದರು. ಬೆಂಚು ಜಗಲಿಯಲ್ಲೇ ಇದೆ, ಪೇಪರು ಈಗ ಒಂದೇ ಭಾಗ. ಅಂದು ಆ ಹೆಣ್ಣುಮಗಳು ನಗದೆ, ಅಂಬಾಬಾಯಿ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡಿದ್ದರೆ ಚೆನ್ನಾಗಿತ್ತು. ಪಟ್ಟಿಗೆ ಸೇರಿದ್ದನ್ನು ಬಡಾವಣೆಯವರಾದ ನಮ್ಮ ಸಹಿಯಿಲ್ಲದೆ ಯಾರೂ ಹೊತ್ತುಕೊಂಡು ಹೋಗುವ ಹಾಗಿರಲಿಲ್ಲ.